ಡಿಸ್ಕಸ್ ಮೀನಿಗೆ ಲಕ್ಷ್ಯಾರ್ಥದ ಊಟ

"ಈ ಎರಡು ಮೀನುಗಳನ್ನು ದಸರೆಯವರೆಗೆ ಬದುಕಿಸಿ ತೋರಿಸದಿದ್ದರೆ, ನನ್ನ ಹೆಸರಿನ ಮೊದಲಿರುವ ‘ಪಂಡಿತ’ ಎಂಬ ವಿಶೇಷಣವನ್ನು ನಾನೇ ಲೋಪ ಮಾಡಿಬಿಡುತ್ತೇನೆ!"

ಸಾವಿರದ ಒಂಬೈನೂರ ಎಂಬತ್ತನಾಲ್ಕರ ಮೇ ತಿಂಗಳಲ್ಲಿ, ಬಳ್ಳಾರಿಯ ಗಾಂಧಿನಗರದ ತಮ್ಮ ನಡುಮನೆಯಲ್ಲಿ ನಿಂತು, ಪಂಡಿತ ವಿರೂಪಾಕ್ಷಪ್ಪನವರು ಹೀಗೆಂದು ಪ್ರತಿಜ್ಞೆ ಮಾಡಿದರು. ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಕನ್ನಡ ವ್ಯಾಕರಣ ಕಲಿಸಿದ ಗಂಟಲು ಅದು. ಪ್ರತಿಜ್ಞೆ ಬೀದಿಯ ಕೊನೆಯವರೆಗೂ ಕೇಳಿಸಿತು!

ಅವರ ಹೆಂಡತಿ ಚನ್ನವೀರಮ್ಮ ಸೊಪ್ಪು ಸೋಸುತ್ತಿದ್ದವರು ತಲೆ ಎತ್ತಲಿಲ್ಲ.

"ಹೆಸರು ಯಾಕ ಲೋಪ ಮಾಡ್ತೀರಿ? ಕುರುಗೋಡು ಸಾಲ್ಯಾಗ ಇದ್ದಾಗ ಮೊಲ ಸಾಕಿದ್ರಿ, ಲೋಪ ಆದ್ವು. ಇಲ್ಲಿಗೆ ಬಂದ ಮ್ಯಾಲ ಗಿಳಿ ತಂದ್ರಿ, ಅದೂ ಲೋಪ ಆತು. ಪಾರಿವಾಳ ಸಾಕಿದ್ರಿ. ಪಾರಿವಾಳದ ಜಾಗಕ್ಕ ಬೆಕ್ಕು ಆದೇಶ ಆಗಿ ಬಂತು!"

"ಸಾಲ್ಯಾಗ ಅಲ್ಲ, ಶಾಲೆಯಲ್ಲಿ. ಎಕಾರಾಂತ ನಾಮಪದ. ಶಾಲೆ, ಮನೆ, ಎಲೆ."

"ನಮ್ಮ ಸಿರುಗುಪ್ಪದಾಗ ಸಾಲಿ, ಮನಿ, ಎಲಿ."

ಈ ಜಗಳಕ್ಕೆ ಅವರ ದಾಂಪತ್ಯದಷ್ಟೇ ವಯಸ್ಸು. ಮದುವೆಯಾದ ಮರುದಿನ ಹೊಸ ಹೆಂಡತಿ "ಚಾ ಆರತೈತಿ" ಎಂದಿದ್ದಕ್ಕೆ, ವಿರೂಪಾಕ್ಷಪ್ಪನವರು "ಆರುತ್ತದೆ" ಎಂದು ತಿದ್ದಿದ್ದರಂತೆ. ಅಂದು ಶುರುವಾದ ತಿದ್ದುಪಡಿ ಇನ್ನೂ ನಿಂತಿರಲಿಲ್ಲ. ಚಹಾ ಮಾತ್ರ ದಿನವೂ ಆರುತ್ತಲೇ ಇತ್ತು.

ಮೀನಿನ ಸಂಗತಿಗೆ ಬರೋಣ. ಬೇಸಿಗೆ ರಜೆಯಲ್ಲಿ ಮದ್ರಾಸಿಗೆ ಹೋಗಿದ್ದ ಪಂಡಿತರು ಅಲ್ಲೊಂದು ಅಂಗಡಿಯ ಗಾಜಿನ ತೊಟ್ಟಿಯಲ್ಲಿ ಡಿಸ್ಕಸ್ ಮೀನುಗಳನ್ನು ಕಂಡರು. ಹೋಳಿಗೆಯಂತೆ ದುಂಡಗೆ, ತೆಳ್ಳಗೆ. ಮೈತುಂಬ ನೀಲಿ ಅಲೆಗೆರೆ. ಕುಂಕುಮದ ಬೊಟ್ಟಿನಂಥ ಕಣ್ಣು. ನೋಡಿದವರೇ ಮರುಳಾದರು. "ಇವೆರಡು ಗಂಡ ಹೆಂಡತಿ" ಎಂದು ತೆಲುಗಿನವನಾದ ಅಂಗಡಿಯವನು ತನ್ನ ಮಾತಿನಲ್ಲೇ ಪರಿಚಯ ಮಾಡಿಕೊಟ್ಟ. ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಬಾಣಂತಿಯ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು, ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ, ಪಂಡಿತರು ಊರು ಸೇರಿದರು. ನೀರು ಬೆಚ್ಚಗಿರಬೇಕೆಂದು ಅಂಗಡಿಯವನು ಒಂದು ಹೀಟರನ್ನೂ ಕಟ್ಟಿಕೊಟ್ಟಿದ್ದ. ಬಳ್ಳಾರಿಗೆ, ಮೇ ತಿಂಗಳಿಗೆ ಹೀಟರು! ಚನ್ನವೀರಮ್ಮ ಆ ದಿನ ನಕ್ಕ ನಗೆಗೆ ಸೊಪ್ಪೆಲ್ಲ ಚೆಲ್ಲಿತು.

"ದಸರೆಯವರೆಗೆ ಇವು ಬದುಕಿದರೆ ಏನು ಕೊಡುತ್ತೀ?" ಎಂದರು ಪಂಡಿತರು.

"ಏನು ಬೇಕು?"

"ಅಂದಿನಿಂದ ಈ ಮನೆಯಲ್ಲಿ ಶುದ್ಧ ಗ್ರಾಂಥಿಕ ಕನ್ನಡವನ್ನೇ ಆಡಬೇಕು. ‘ಐತಿ’ ಇಲ್ಲ, ‘ಮನಿ’ ಇಲ್ಲ."

ಚನ್ನವೀರಮ್ಮ ಚೆಲ್ಲಿದ ಸೊಪ್ಪನ್ನು ಮೊರಕ್ಕೆ ತುಂಬಿಕೊಂಡರು. "ನಮ್ಮವ್ವ ಕಲಿಸಿದ ಮಾತು ರೀ ಅದು. ಮನೆ ಅಂದ್ರ ನನಗ ಯಾರದೋ ಚಪ್ಪಲಿ ಮೆಟ್ಟಿಕೊಂಡಂಗ ಆಗತೈತಿ. ಆಗಲಿ. ಮೀನು ಸತ್ರ?"

"ಸತ್ತರೆ, ಜೀವ ಇರುವತನಕ ನಿನ್ನ ಮಾತನ್ನು ನಾನು ತಿದ್ದುವುದಿಲ್ಲ."

"ಹೆಂಗೂ ನಾನೇ ಗೆಲ್ತೀನಿ ಬಿಡ್ರಿ" ಎಂದು ಆ ತಾಯಿ ಮೀನುಗಳ ಕಡೆ ಕನಿಕರದಿಂದ ನೋಡಿದರು.

ಶಾಲೆ ತೆರೆದ ದಿನ ಪಂಡಿತರು ಶಿಕ್ಷಕರ ಕೊಠಡಿಯಲ್ಲಿ "ಎರಡು ಡಿಸ್ಕಸ್ ತಂದಿದ್ದೇನೆ" ಎಂದು ಗತ್ತಿನಿಂದ ಸಾರಿದರು. ಡ್ರಿಲ್ ಮಾಸ್ತರ ಹಾಲಸಿದ್ದಪ್ಪ ಕುರ್ಚಿಯಿಂದ ಎದ್ದೇಬಿಟ್ಟರು.

"ಭಾಳ ಚಲೋ ಆತು ನೋಡ್ರಿ! ನಮ್ಮ ಸಾಲಿ ಡಿಸ್ಕಸ್ ಸೀಳಿ ಹೋಗೈತಿ. ಮೈದಾನಕ್ಕ ತರ್ರಿ, ಎಸೆದು ನೋಡೂಣು. ನಿಮ್ಮವು ಎಷ್ಟು ದೂರ ಹೋಗತಾವ?"

"ಒಂದೂವರೆ ಮೊಳ. ಆಮೇಲೆ ಗಾಜು ಬರುತ್ತದೆ!"

ಗಾಜಿನ ತೊಟ್ಟಿಯೇನೋ ಸಿದ್ಧವಾಯಿತು. ನೀರು ಮೃದುವಾಗಿರಬೇಕು ಎಂದು ಅಂಗಡಿಯವನು ಹೇಳಿದ್ದ. ಗಾಂಧಿನಗರದ ಬೋರಿನ ನೀರು ಕಾಯಿಸಿದರೆ ಪಾತ್ರೆಯಲ್ಲಿ ಸುಣ್ಣ ಬಳಿದಂತಾಗುತ್ತಿತ್ತು. ಶಾಲೆಯ ಜವಾನ ಹುಲುಗಪ್ಪ ಕೆಂಚನಗುಡ್ಡದವನು. ವಾರಕ್ಕೊಮ್ಮೆ ಊರಿಗೆ ಹೋಗಿಬರುವ ನರೆಮೀಸೆಯ ಮನುಷ್ಯ. ಅವನು ತುಂಗಭದ್ರೆಯ ನೀರನ್ನು ಎರಡು ಡಬ್ಬಿ ತುಂಬಿ ಬಸ್ಸಿನಲ್ಲಿ ತಂದುಕೊಡಲು ಒಪ್ಪಿದ. "ತೀರ್ಥ ಏನಪ್ಪಾ?" ಎಂದು ಬಸ್ಸಿನಲ್ಲಿ ಜನ ಅಂಗೈ ಒಡ್ಡುತ್ತಿದ್ದರಂತೆ. ಹುಲುಗಪ್ಪ ಇಲ್ಲವೆನ್ನಲಾರದೆ ಒಂದೊಂದು ಹನಿ ಹಾಕುತ್ತಿದ್ದನಂತೆ. ಡಬ್ಬಿ ಬಳ್ಳಾರಿ ಮುಟ್ಟುವಷ್ಟರಲ್ಲಿ ಮುಕ್ಕಾಲಾಗುತ್ತಿತ್ತು.

ಅಂಗಡಿಯವನು ಕೊಟ್ಟಿದ್ದ ಒಣ ಆಹಾರದ ಪೊಟ್ಟಣ ಜೂನ್ ಮುಗಿಯುವುದರೊಳಗೆ ಮುಗಿಯಿತು. ಮುಂದೇನು? ಪಂಡಿತರಿಗೆ ಚಿಂತೆ ಇರಲಿಲ್ಲ. ಬೀಳ್ಕೊಡುವಾಗ ಅಂಗಡಿಯವನು ಕೈಹಿಡಿದು, "ಗುಂಡೆ ಪೆಟ್ಟಂಡಿ ಸಾರ್, ರೋಜು ರೆಂಡು ಸಾರ್ಲು ಗುಂಡೆ ಪೆಟ್ಟಂಡಿ" ಎಂದಿದ್ದ.

"ಗುಂಡೆ ಅಂದ್ರ ತೆಲುಗಿನಾಗ ಗುಂಡಿಗಿ ಅಲ್ಲೇನ್ರಿ?" ಎಂದರು ಚನ್ನವೀರಮ್ಮ. "ದಿನಕ್ಕ ಎರಡು ಸಲ ಗುಂಡಿಗಿ ಇಡ್ರಿ ಅಂದಾನ. ಕಟುಕರ ಅಂಗಡ್ಯಾಗ ಮಾರತಾರಲ್ಲ, ಅದು. ಶಿವ ಶಿವ!"

ಪಂಡಿತರು ಕರುಣೆಯಿಂದ ನಕ್ಕರು. "ಹುಚ್ಚಿ! ಅದು ವಾಚ್ಯಾರ್ಥ. ಊರೇ ಎದ್ದು ಬಂತು ಎಂದರೆ ಗೋಡೆ, ಬಾಗಿಲು ಎದ್ದು ಬರುತ್ತವೆಯೇ? ಜನ ಬಂದರು ಎಂದು ತಿಳಿಯಬೇಕು. ಅದಕ್ಕೆ ಲಕ್ಷ್ಯಾರ್ಥ ಎಂದು ಹೆಸರು. ಹಾಗೆ, ಗುಂಡೆ ಪೆಟ್ಟು ಎಂದರೆ ಹೃದಯವಿಟ್ಟು ಸಾಕು ಎಂದು! ಎಷ್ಟು ರಸಿಕ ನೋಡು, ಮೀನು ಮಾರುವವನು!"

"ಲಕ್ಷ್ಯಾರ್ಥ ಉಂಡ್ರ ಹೊಟ್ಟಿ ತುಂಬತೈತೇನ್ರಿ?"

"ಹೊಟ್ಟೆ. ಎಕಾರಾಂತ."

ಅಂದಿನಿಂದ ಪಂಡಿತರು ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ಎದೆಯ ಮೇಲೆ ಕೈಯಿಟ್ಟುಕೊಂಡು ತೊಟ್ಟಿಯ ಮುಂದೆ ಕೂತರು. "ಬಾ ಕಂದ, ಬಾ ಬಂಗಾರ" ಎಂದು ಸಂಬೋಧನಾ ವಿಭಕ್ತಿಯಲ್ಲಿ ಕರೆದರು. ಹೃದಯದ ಜೊತೆಗೆ ನಂಚಿಕೊಳ್ಳಲು ಅನ್ನದ ಅಗುಳು ಹಾಕಿದರು, ಚಪಾತಿ ಕಿವುಚಿ ಹಾಕಿದರು. ಕಡೆಗೆ ಮಂಡಕ್ಕಿ ಒಗ್ಗರಣೆಯಲ್ಲಿ ಒಗ್ಗರಣೆಯನ್ನು ತೊಳೆದು ಮಂಡಕ್ಕಿಯನ್ನೂ ತೇಲಿಬಿಟ್ಟರು! ಮೀನುಗಳು ಮೂಸಿಯೂ ನೋಡಲಿಲ್ಲ. ಹದಿನೈದು ದಿನದಲ್ಲಿ ಹೋಳಿಗೆ ಹೋಗಿ ಹಪ್ಪಳವಾದವು. ನೀಲಿ ಗೆರೆ ಮಸಕಾಯಿತು. ಎರಡೂ ಮೂಲೆ ಸೇರಿ ತಲೆ ತಗ್ಗಿಸಿ ನಿಂತವು.

ಪಂದ್ಯ ಸೋಲುವ ಲಕ್ಷಣ ಅದು. ಆದರೆ ಪಂಡಿತರಿಗೆ ಪಂದ್ಯದ ನೆನಪೇ ಇರಲಿಲ್ಲ. ಅವರಿಗೆ ಊಟ ಸೇರದಾಯಿತು. ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದುಹೋಗಿ ತೊಟ್ಟಿಯ ಮುಂದೆ ಕೂರುವರು. ತರಗತಿಯಲ್ಲಿ ಒಮ್ಮೆ ‘ಮೀನು’ ಶಬ್ದಕ್ಕೆ ವಿಭಕ್ತಿ ಹಚ್ಚುತ್ತ "ಮೀನಿನಿಂದ, ಮೀನಿಗೆ..." ಎನ್ನುವಾಗ ಪುಸ್ತಕ ಮುಚ್ಚಿ, ಉಳಿದ ವಿಭಕ್ತಿಗಳನ್ನು ಮರುದಿನಕ್ಕೆ ಹಾಕಿದರು.

ಜುಲೈ ಕೊನೆಯ ಹೊತ್ತಿಗೆ ಪವಾಡವಾಯಿತು! ಮೀನುಗಳು ಚೇತರಿಸಿಕೊಂಡವು. ಮೈ ತುಂಬಿತು, ಗೆರೆ ಹೊಳೆಯಿತು. ಪಂಡಿತರು ಎದೆಗೆ ಕೈ ಹಚ್ಚಿದರೆ ಸಾಕು, ಗಾಜಿನ ಹತ್ತಿರ ಓಡೋಡಿ ಬರತೊಡಗಿದವು.

"ಕಂಡೆಯಾ? ಲಕ್ಷ್ಯಾರ್ಥ ಕೆಲಸ ಮಾಡುತ್ತಿದೆ!"

"ಹೂಂರಿ, ಕಂಡೆ" ಎಂದು ಚನ್ನವೀರಮ್ಮ ಇನ್ನೊಂದು ರೊಟ್ಟಿ ಬಡಿಸಿದರು. ಪಂಡಿತರು ಆ ದಿನ ನಾಲ್ಕು ರೊಟ್ಟಿ ತಿಂದರು.

ಇನ್ನು ಕೇಳಬೇಕೆ! ಶಿಕ್ಷಕರ ಕೊಠಡಿಯಲ್ಲಿ ದಿನವೂ ಉಪನ್ಯಾಸ. ಯಾವ ಪ್ರಾಣಿಗೂ ಮೇವಿಗಿಂತ ಮಮತೆ ಮುಖ್ಯ. ಗುಂಡೆ ಪೆಟ್ಟಬೇಕು, ಗುಂಡೆ! ಹಾಲಸಿದ್ದಪ್ಪ ಮಾಸ್ತರರ ಎಮ್ಮೆ ಹಾಲು ಕಡಿಮೆ ಮಾಡಿತ್ತು. ಪಂಡಿತರ ಸಲಹೆಯಂತೆ ಅವರು ಹತ್ತಿಕಾಳು ಅರ್ಧಕ್ಕಿಳಿಸಿ, ಉಳಿದರ್ಧಕ್ಕೆ ಪ್ರೀತಿ ತುಂಬಿ, ಎಮ್ಮೆಯ ಕೊರಳು ತಬ್ಬಿಕೊಂಡರು. ಮೂರನೆಯ ದಿನ ಎದೆಗೆ ಪಟ್ಟಿ ಸುತ್ತಿಕೊಂಡು ಶಾಲೆಗೆ ಬಂದರು.

"ಏನಾಯಿತು ಮಾಸ್ತರರೇ?"

"ನೀವು ಹೇಳಿದ್ದ ಆತ್ರಿ. ತೆಲುಗಿನಾಗ ಹೇಳಿದ್ರಿ, ಎಮ್ಮಿ ಕನ್ನಡದಾಗ ತಿಳಕೊಂತು. ಗುಂಡಿಗಿಗೇ ಪೆಟ್ಟು ಕೊಟ್ಟುಬಿಡ್ತು!"

ಸೆಪ್ಟೆಂಬರಿನಲ್ಲಿ ಹೆಣ್ಣು ಮೀನು ಮೊಟ್ಟೆಯಿಟ್ಟಿತು. ಬಣ್ಣ ಎದ್ದು ಕಾಣಲೆಂದು ಪಂಡಿತರು ತೊಟ್ಟಿಯಲ್ಲಿ ಒರಗಿಸಿದ್ದ ಕಪ್ಪು ಸ್ಲೇಟಿನ ಮೇಲೆ, ಸಾಲುಸಾಲಾಗಿ, ಅಂದವಾದ ಬರಹದಂತೆ! ವಾರದೊಳಗೆ ಅರವತ್ತು ಎಪ್ಪತ್ತು ಮರಿಗಳು ಅಲ್ಪವಿರಾಮದ ಚಿಹ್ನೆಗಳಂತೆ ಈಜಾಡಿದವು. ಪಂಡಿತರು ಶಾಲೆಗೆ ರಜೆ ಹಾಕಿ ಎದುರಿಗೇ ಕೂತರು. ಸ್ವಲ್ಪ ಹೊತ್ತಿಗೆ ಹೌಹಾರಿ ಕೂಗಿದರು.

"ಚನ್ನವೀರಾ! ಬೋಗುಣಿ ತಾ! ಮರಿಗಳು ತಾಯಿಯನ್ನೇ ಕಚ್ಚಿ ತಿನ್ನುತ್ತಿವೆ! ಅಪ್ಪನನ್ನೂ ಬಿಟ್ಟಿಲ್ಲ!"

ನಿಜವೇ. ಮರಿಗಳೆಲ್ಲ ಗುಂಪುಗೂಡಿ ತಾಯಿಯ ಪಕ್ಕೆಗೆ ಬಾಯಿ ಹಚ್ಚಿದ್ದವು. ತಾಯಿ ಮೈ ಜಾಡಿಸಿದರೆ ತಂದೆಯ ಪಕ್ಕೆಗೆ ಹಾರುತ್ತಿದ್ದವು. ಇಂಥ ಅವಿಧೇಯ ವಿದ್ಯಾರ್ಥಿಗಳನ್ನು ಪಂಡಿತರು ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ಬೋಗುಣಿ ತಾವೇ ತಂದು, ಮರಿಗಳನ್ನು ಬೇರ್ಪಡಿಸಲು ತೊಟ್ಟಿಗೆ ಕೈ ಹಾಕಿದರು. ಅಷ್ಟರಲ್ಲಿ ಚನ್ನವೀರಮ್ಮ ಅವರ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡರು.

"ಕೈ ತೆಗೀರಿ! ಕೂಸು ಹಾಲು ಕುಡಿಯಾಕತ್ತಾವ."

"ಮೀನಿಗೆ ಹಾಲೇ?"

"ತಾಯಿ ಮೈ ಮ್ಯಾಲ ಬೆಳ್ಳಗ ಲೋಳಿ ಬಂದೈತಿ ನೋಡ್ರಿ, ಅದನ್ನ ಮೇಯಾಕತ್ತಾವ. ಕಚ್ಚಿದ್ರ ತಾಯಿ ಹಿಂಗ ನಿಲ್ಲತಿತ್ತೇನು? ಮೂರು ಮಕ್ಕಳ ಹಡದೀನಿ, ನನಗ ಗೊತ್ತಾಗಂಗಿಲ್ಲೇನು? ಈ ಮೀನಿನ ಅಪ್ಪನ ನೋಡ್ರಿ, ಅವನೂ ಕುಡಿಸಾಕತ್ತಾನ. ನೀವು ಒಂದು ದಿನ ತೊಟ್ಲ ತೂಗಿದ್ದು ನೆನಪೈತೇನ್ರಿ?"

ಪಂಡಿತರು ಮೆಲ್ಲಗೆ ಬೋಗುಣಿ ಕೆಳಗಿಟ್ಟರು. "ಆದರೂ ಅಷ್ಟು ಮರಿಗಳಿಗೆ ಸಾಕಾಗಬೇಕಲ್ಲ. ತಾಯಿ ಸೊರಗಿಹೋದರೆ?"

"ಎಲ್ಲಿ ಸೊರಗತೈತ್ರಿ? ದಿನಾ ಅಷ್ಟಷ್ಟು ಎರಿಹುಳ ತಿಂದೈತಿ, ಅದೆಲ್ಲ ಎಲ್ಲಿಗೆ ಹೋಗತೈತಿ?"

ಹೇಳಿದವರೇ ನಾಲಿಗೆ ಕಚ್ಚಿಕೊಂಡರು.

"ಯಾವ ಎರೆಹುಳು?"

ಚನ್ನವೀರಮ್ಮ ಸೆರಗಿನ ತುದಿ ನೋಡಿದರು, ಗೋಡೆ ನೋಡಿದರು. ಆಮೇಲೆ ಎಲ್ಲವೂ ಹೊರಬಿತ್ತು. ಮೀನಿಗೆ ಏನು ಹಾಕಬೇಕೆಂದು ಅವರು ಜುಲೈಯಲ್ಲೇ ಹುಲುಗಪ್ಪನನ್ನು ಕೇಳಿದ್ದರು. ಗುಂಡಿಗೆ ನಮ್ಮ ಮನೆಗೆ ಬರುವಂತಿಲ್ಲ, ಬೇರೆ ಏನಾದರೂ ಹೇಳು ಎಂದಿದ್ದರು. ಅವನು ಎರೆಹುಳು ಹೇಳಿದ್ದ. ಅಂದಿನಿಂದ ಪಂಡಿತರು ಶಾಲೆಗೆ ಹೊರಟ ಮೇಲೆ, ಬಚ್ಚಲ ನೀರು ಹರಿಯುವ ಬಾಳೆಯ ಬುಡ ಕೆದಕಿ, ಹುಳ ಹಿಡಿದು ತೊಳೆದು, ಮುಖ ಅತ್ತ ತಿರುಗಿಸಿ, ಕಣ್ಣು ಮುಚ್ಚಿ, ಶಿವ ಶಿವ ಎನ್ನುತ್ತ ಇಕ್ಕಳದಿಂದ ತೊಟ್ಟಿಗೆ ಬಿಡುತ್ತಿದ್ದರು. ಆಮೇಲೆ ತಲೆಸ್ನಾನ. ಎರಡು ತಿಂಗಳು ದಿನಾ ತಲೆಸ್ನಾನ!

"ಆದರೆ ಮೀನು ಸತ್ತಿದ್ದರೆ ನೀನು ಪಂದ್ಯ ಗೆಲ್ಲುತ್ತಿದ್ದೆಯಲ್ಲ!"

"ಅವು ಸಾಯಾಕತ್ತಿದ್ವು ಖರೇ. ಅವುಗಳ ಜೋಡಿ ನೀವೂ ರೊಟ್ಟಿ ಬಿಟ್ಟಿದ್ರಿ. ಗೆದ್ದು ಯಾರ ಮುಂದ ಮಾತಾಡ್ಲಿ ನಾನು?"

ವ್ಯಾಕರಣ ಪಂಡಿತರು ಕ್ರಿಯಾಪದವೇ ಇಲ್ಲದ ವಾಕ್ಯ ಆಡಿದರು: "ಪಂದ್ಯ ರದ್ದು."

"ಹೆಂಗ ರದ್ದಾಗತೈತಿ? ಮೀನು ಬದುಕ್ಯಾವ. ಸೋತೀನಿ. ದಸರಾ ಬರಲಿ, ಆಡಿದ ಮಾತು ನಡೆಸ್ತೀನಿ."

ದಸರೆ ಬಂತು. ಆಯುಧಪೂಜೆಯ ಮುಂಜಾನೆ ಅಡಿಗೆಮನೆಯಿಂದ ಧ್ವನಿ ಕೇಳಿಸಿತು:

"ಎಲೈ ಪ್ರಾಣನಾಥರೇ, ಉಪ್ಪಿಟ್ಟು ಆರುತ್ತಲಿರುವುದು. ಶೀಘ್ರವಾಗಿ ಆಗಮಿಸಿ ಸೇವಿಸುವಂಥವರಾಗಿರಿ."

ಪಂಡಿತರು ಬೆಚ್ಚಿದರು. ಬಾಗಿಲಲ್ಲಿ ಹಾಲು ಅಳೆಯುತ್ತಿದ್ದ ಉಚ್ಚೆಂಗೆಮ್ಮನಿಗೆ "ಎಲೌ ಕ್ಷೀರ ವಿಕ್ರಯಿಸುವವಳೇ, ಇಂದಿನ ಹಾಲಿನಲ್ಲಿ ಜಲವು ಅಧಿಕವಾಗಿರುವುದಕ್ಕೆ ಕಾರಣವೇನು?" ಎಂಬ ಪ್ರಶ್ನೆ ಬಿತ್ತು. ಆಕೆ ಚೊಂಬು ಬಿಟ್ಟು, "ಅಮ್ಮಾರ ಮೈಮ್ಯಾಲ ದೇವರು ಬಂದೈತ್ರೀ!" ಎಂದು ಓಣಿಯಲ್ಲಿ ಕೂಗುತ್ತ ಓಡಿದಳು. ಹಬ್ಬಕ್ಕೆ ಬಂದ ಹಾಲಸಿದ್ದಪ್ಪ ಮಾಸ್ತರರಿಗೆ "ತಮ್ಮ ವಕ್ಷಸ್ಥಳದ ನೋವು ಉಪಶಮನವಾಗಿರುವುದೇ?" ಎಂಬ ಸ್ವಾಗತ ದೊರೆಯಿತು. ಅವರು ಕಡುಬು ತಿನ್ನದೆ ಹೊರಟುಹೋದರು. ತೊಟ್ಟಿಯ ಮುಂದೆ ನಿಂತು "ಮತ್ಸ್ಯಗಳೇ, ಭುಂಜಿಸಿರಿ" ಎಂದರೆ ಮೀನುಗಳೂ ಕದಲಲಿಲ್ಲ.

ಒಂದು ತಪ್ಪಿಲ್ಲ! ಸಂಧಿ ಸರಿ, ಸಮಾಸ ಸರಿ. ಇಪ್ಪತ್ತೆಂಟು ವರ್ಷ ಬಯಸಿದ ಭಾಷೆ ಮನೆ ತುಂಬಿತ್ತು. ಆದರೆ ಪಂಡಿತರಿಗೆ ಪರೀಕ್ಷೆಯ ಕೊಠಡಿಯಲ್ಲಿ ಸಂಸಾರ ಮಾಡಿದಂತೆ ಆಗತೊಡಗಿತು. ಬೈದರೂ ಬೈದಂತಿಲ್ಲ, ಕರೆದರೂ ಕರೆದಂತಿಲ್ಲ. ಹೆಂಡತಿ ತವರಿಗೆ ಹೋಗಿ, ಅವಳ ಜಾಗದಲ್ಲಿ ಒಂದು ಪಠ್ಯಪುಸ್ತಕ ಅಡಿಗೆ ಮಾಡುತ್ತಿರುವಂತೆ!

ನಾಲ್ಕನೆಯ ದಿನ "ಭೋಜನವು ಸಿದ್ಧವಾಗಿರುವುದು" ಎಂಬ ಮಾತು ಕಿವಿಗೆ ಬೀಳುತ್ತಲೇ ಪಂಡಿತರು ಅಡಿಗೆಮನೆಗೆ ಓಡಿಬಂದು ಎರಡೂ ಕೈ ಮುಗಿದುಬಿಟ್ಟರು.

"ಸಾಕು ಮಾರಾಯ್ತಿ, ಸಾಕು! ನನ್ನ ಕೈಲಿ ಆಗಂಗಿಲ್ಲ! ಮೊದಲಿನಂಗ ಮಾತಾಡು. ಮನಿ ಅನ್ನು, ಹೊಟ್ಟಿ ಅನ್ನು, ಐತಿ ಅನ್ನು!"

ಚನ್ನವೀರಮ್ಮ ಸೌಟು ಕೆಳಗಿಟ್ಟು, ಗಂಡನನ್ನು ಮೇಲಿಂದ ಕೆಳಗೆ ನೋಡಿದರು.

"‘ಅನ್ನು’ ಅಲ್ರಿ. ಕೈ ಮುಗಿದು ಕೇಳೂ ಮಂದಿ ‘ಅನ್ರಿ’ ಅಂತಾರ. ತಿದ್ದಿ ಹತ್ತು ಸಲ ಹೇಳ್ರಿ, ಆಮ್ಯಾಲ ರೊಟ್ಟಿ."