ಮೂರನೇ ಸಲ ಕೇಳಬೇಕಿತ್ತು

ನನ್ನ ಸೊಂಟದ ಪಟ್ಟಿಗೆ ಅಂಟಿಸಿದ ಎರಡು ರಿಬ್ಬನ್‌ಗಳಲ್ಲಿ ಎಡಗಡೆಯದು ಬಲಗಡೆಯದಕ್ಕಿಂತ ಒಂದು ಬೆರಳು ಉದ್ದ. ಇದನ್ನು ನಾನು ಯಾರಿಗೂ ಹೇಳಿಲ್ಲ. ಹೇಳಿದರೆ ಬೇರೆ ಪಟ್ಟಿ ಕೊಡುತ್ತಾರೆ, ಕೊಟ್ಟರೆ ಇನ್ನೊಬ್ಬರಿಗೆ ಈ ಪಟ್ಟಿ ಹೋಗುತ್ತದೆ, ಅವರಿಗೆ ತೊಂದರೆಯಾಗುತ್ತದೆ ಎಂದೆಲ್ಲ ಯೋಚಿಸಿ ಸುಮ್ಮನಿದ್ದೇನೆ. ನನಗೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳುವುದು ಎಂದರೆ ನನಗೆ ಸಂತೆಯ ನಡುವೆ ನಿಂತು ಹಾಡು ಹೇಳಿದಷ್ಟು ಕಷ್ಟ. ಅಂಥವಳು ಫುಟ್‌ಬಾಲ್ ತಂಡಕ್ಕೆ ಯಾಕೆ ಸೇರಿದೆ ಎಂದು ನೀವು ಕೇಳಬಹುದು. ಸೇರು ಎಂದರು, ಬೇಡ ಎನ್ನಲು ಆಗಲಿಲ್ಲ, ಅಷ್ಟೆ.

ಇದು ಕಾಲಿನಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ. ನಮ್ಮದು ಅದರ ಸೌಮ್ಯ ರೂಪ. ಓಡುವವಳನ್ನು ಕೆಡವುವಂತಿಲ್ಲ, ಅವಳ ಸೊಂಟದ ರಿಬ್ಬನ್ ಕಿತ್ತರೆ ಆಟ ಅಲ್ಲಿಗೇ ನಿಲ್ಲುತ್ತದೆ; ರಿಬ್ಬನ್ ಉದ್ದವಿದ್ದಷ್ಟೂ ಕೀಳುವುದು ಸುಲಭ. ಸೌದಿ ಅರೇಬಿಯಾದ ಅಲ್ ಖರ್ಜ್ ಊರಿನ ಡೇರಿಯೊಂದರ ಪ್ರಯೋಗಾಲಯದಲ್ಲಿ ಹಾಲಿನ ಕೊಬ್ಬು ಅಳೆಯುವುದು ನನ್ನ ಕೆಲಸ. ಅದೇ ಡೇರಿಯ ಕಚೇರಿಯಲ್ಲಿರುವ ಸೌದಿ ಹುಡುಗಿ ಹನಾನ್ ಹೊರದೇಶದಲ್ಲಿ ಓದುವಾಗ ಈ ಆಟ ಕಲಿತು ಬಂದು, ಎತ್ತರದ ಗೋಡೆಯ ಒಂದು ಮೈದಾನ ಹುಡುಕಿ, ನಮ್ಮನ್ನೆಲ್ಲ ಒಟ್ಟುಗೂಡಿಸಿದಳು. ಗಾಳಿ ಅತ್ತ ಬೀಸಿದರೆ ಅಲ್ಲಿಯವರೆಗೂ ದನಗಳ ವಾಸನೆ ಬರುತ್ತದೆ. ನನಗೆ ಅದರಿಂದ ಒಂದು ರೀತಿಯ ಧೈರ್ಯ.

ಚೆಂಡನ್ನು ಕೈಗೆ ಪಡೆದು ಓಡುವವಳಿಗೆ ರನ್ನಿಂಗ್ ಬ್ಯಾಕ್ ಎನ್ನುತ್ತಾರೆ. ನಮ್ಮಲ್ಲಿ ಇಬ್ಬರು: ನಾನು ಮತ್ತು ಶಮೀಮಕ್ಕ. ಶಮೀಮಕ್ಕ ಉಡುಪಿ ಕಡೆಯವರು, ಎರಡು ಮಕ್ಕಳ ತಾಯಿ, ಹಲ್ಲಿನ ಆಸ್ಪತ್ರೆಯಲ್ಲಿ ರಿಸೆಪ್ಶನಿಸ್ಟ್. ಓಡುವಾಗ ದಾರಿಯಲ್ಲಿ ಸಿಕ್ಕವರ ಕ್ಷೇಮಸಮಾಚಾರ ಕೇಳುವಷ್ಟು ಮಾತುಗಾರ್ತಿ. ಕಳೆದ ಸೀಸನ್ನಿನಲ್ಲಿ ಹೆಚ್ಚಾಗಿ ಚೆಂಡು ಅವರಿಗೆ. ನನಗೆ ಸಿಕ್ಕದ್ದು ಇಲ್ಲದ ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು, ಇದೆ ಎಂಬಂತೆ ಇನ್ನೊಂದು ದಿಕ್ಕಿಗೆ ಓಡಿ ಎದುರಾಳಿಗಳನ್ನು ದಾರಿ ತಪ್ಪಿಸುವ ಕೆಲಸ. ನನ್ನ ಮುಖ ನೋಡಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲವಾದ್ದರಿಂದ ಇದಕ್ಕೆ ನಾನೇ ಸರಿ ಎಂದು ಹನಾನ್ ಹೊಗಳಿದಳು. ಮೊದಮೊದಲು ಜನ ಬೆನ್ನಟ್ಟಿದರು. ಆಮೇಲಾಮೇಲೆ ನನ್ನ ಹೊಟ್ಟೆಯ ಬಳಿ ಏನೂ ಇರುವುದಿಲ್ಲ ಎಂದು ಊರಿಗೆಲ್ಲ ತಿಳಿಯಿತು. ಒಂದು ಸಲವಾದರೂ ನಿಜವಾದ ಚೆಂಡು ಹಿಡಿದು ಓಡಬೇಕು ಎಂಬ ಆಸೆ ನನಗೆ ಹತ್ತಿದ್ದು ಆಗ.

ಕೊನೆಯ ಪಂದ್ಯದಲ್ಲಿ ಅವಕಾಶ ಬಂದಿತ್ತು. ನಮ್ಮಿಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ, ಯಾರಿಗೆ ಅನುಕೂಲವೋ ಅವರು ತೆಗೆದುಕೊಳ್ಳಿ ಎಂದಿದ್ದಳು ಹನಾನ್. ಚೆಂಡು ಮುಂದೆ ಬಂತು. "ನೀವು ತಕ್ಕೊಳ್ಳಿ" ಎಂದೆ. "ಇಲ್ಲ, ನೀನು ತಕ್ಕೊ" ಎಂದರು ಶಮೀಮಕ್ಕ. ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದೆವು. ಚೆಂಡು ನೆಲಕ್ಕೆ ಬಿತ್ತು. ಮುಂದಿನ ಸೀಸನ್ನಿಗೆ ಹನಾನ್ ಕಟ್ಟುನಿಟ್ಟಾಗಿ ಹೇಳಿದಳು: "ಒಬ್ಬಳು ಮೊದಲ ಓಟಗಾರ್ತಿ, ಹೆಚ್ಚಿನ ಚೆಂಡು ಅವಳಿಗೆ. ಇನ್ನೊಬ್ಬಳು ಖಾಲಿ ಕೈಯಲ್ಲಿ ಓಡುವವಳು. ಯಾರು ಏನು ಅಂತ ನೀವೇ ಮಾತಾಡಿಕೊಂಡು ಶನಿವಾರ ಬೆಳಿಗ್ಗೆ ತಿಳಿಸಿ. ಯಲ್ಲಾ, ಬೇಗ!"

ಮಾತಾಡಿಕೊಳ್ಳಲು ಶುಕ್ರವಾರ ಸಂಜೆ ಶಮೀಮಕ್ಕನ ಮನೆಗೆ ಹೋದೆ. ನೀರುದೋಸೆ, ಕೋಳಿ ಸಾರು. ಇಲ್ಲಿ ನನ್ನ ತಾಯಿ, ಉಮ್ಮ, ಕಲಿಸಿದ ಪಾಠ ಹೇಳಬೇಕು. ಬೇರೆಯವರ ಮನೆಯಲ್ಲಿ ಮೊದಲ ಸಲ ಕೇಳಿದಾಗ ಬೇಡ ಅನ್ನಬೇಕು, ಎರಡನೇ ಸಲ ಸಾಕು ಅನ್ನಬೇಕು, ಮೂರನೇ ಸಲ ಒತ್ತಾಯಕ್ಕೆ ಸೋತವಳಂತೆ ಸ್ವಲ್ಪ ಹಾಕಿಸಿಕೊಳ್ಳಬೇಕು. ಈ ಲೆಕ್ಕದಲ್ಲಿ ನಾನು ಇಂದಿಗೂ ಹಸಿದು ಎದ್ದವಳಲ್ಲ.

"ಇನ್ನೊಂದು ಹಾಕ್ಲಾ?"

"ಬೇಡ ಶಮೀಮಕ್ಕ."

"ಎಂತ ಬೇಡ? ಗುಬ್ಬಿ ತಿಂದ ಹಾಗೆ ತಿಂತೀಯಲ್ಲ ಮಾರಾಯ್ತಿ!" ಎನ್ನುತ್ತ ಎರಡು ದೋಸೆ ಹಾಕಿಯೇಬಿಟ್ಟರು. ನನಗೆ ಸಮಾಧಾನವಾಯಿತು. ಈ ಕೈಗಳಲ್ಲಿ ನನ್ನ ಭವಿಷ್ಯ ಭದ್ರ.

"ಹಾಗಾದ್ರೆ ಮೊದಲ ಓಟ ನೀನೇ ತಕ್ಕೊ" ಎಂದರು.

"ಇಲ್ಲ ಇಲ್ಲ, ನೀವೇ."

"ನಿನ್ನ ಕಾಲು ಚುರುಕು. ನಂಗೆ ಮೊಣಗಂಟು ನೋವು. ತಕ್ಕೊ."

"ಅಯ್ಯೋ, ನಿಮಗೇ ಸರಿ ಅದು" ಎಂದು, ಮೂರನೆಯದಕ್ಕೆ ಬೆನ್ನು ನೆಟ್ಟಗೆ ಮಾಡಿ ಕೂತೆ. ಸೋಲುವ ಮುಖವನ್ನೂ ಸಿದ್ಧಮಾಡಿಕೊಂಡೆ.

ಶಮೀಮಕ್ಕ ಕೈ ಒರೆಸಿಕೊಂಡರು. "ಸರಿ ಹಾಗಾದ್ರೆ. ನಾನೇ ತಕ್ಕೊಳ್ತೇನೆ."

"ಮುಗೀತಲ್ಲ? ಇಷ್ಟಕ್ಕೆ ಒಂದು ವಾರ ತಲೆ ತಿಂದಿದ್ದಾ ನೀನು?" ಎಂದು ಹೆಂಡತಿಯನ್ನು ಕೇಳಿದರು ರಝಾಕ್ ಭಾಯಿ. "ಚಾ ಕುಡಿಯುವ." ನಾನು ಚಾ ಕುಡಿದೆ. ನನ್ನ ಮುಖ ನೋಡಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಅಷ್ಟು ಒಳ್ಳೆಯ ಮುಖ ಇಟ್ಟುಕೊಂಡದ್ದಕ್ಕೆ ಮೊದಲ ಬಾರಿ ನನಗೆ ಬೇಸರವಾಯಿತು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಮೈದಾನಕ್ಕೆ ಹೋದೆ. ಶಮೀಮಕ್ಕ ಬಂದು ಪಟ್ಟಿ ಕಟ್ಟಿಕೊಳ್ಳುತ್ತಿದ್ದಂತೆ, ಅವರ ಬೂಟು ನೋಡುತ್ತ ಹೇಳಿದೆ: "ಶಮೀಮಕ್ಕ, ನಿನ್ನೆ ನೀವು ಎರಡೇ ಸಲ ಕೇಳಿದ್ದು."

ಅವರು ನಕ್ಕ ನಗುವಿಗೆ ಕಟ್ಟಿದ ಪಟ್ಟಿ ಬಿಚ್ಚಿ ಬಿತ್ತು. "ಗೊತ್ತುಂಟು ಮಾರಾಯ್ತಿ! ಮೂರನೇ ಸಲ ಕೇಳಿದ್ರೆ ನೀನು ಹ್ಞೂಂ ಅಂತಿದ್ದಿ. ಅದಕ್ಕೇ ಕೇಳ್ಲಿಲ್ಲ. ನಂಗೂ ಆಸೆ ಇಲ್ವಾ?" ನಗು ನಿಂತ ಮೇಲೆ ಅವರೇ ದಾರಿ ತೋರಿಸಿದರು: "ಬಾ, ಇಬ್ಬರೂ ಸೇರಿ ಓಡಿ ನೋಡುವ, ಒಂದು ಸಲ ಚೆಂಡು ನಂಗೆ, ಒಂದು ಸಲ ನಿಂಗೆ. ಯಾರ ಹತ್ರ ಉಂಟು ಅಂತ ಎದುರಿನವರಿಗೆ ಹೇಳುವುದು ಬೇಡ. ಯಾರು ಮುಂದೆ ಹೋಗ್ತಾರೋ ಚೆಂಡು ಅವರಿಗೆ." ಹನಾನ್ ಒಪ್ಪಿ, ತಂಡದ ಉಳಿದವರನ್ನು ಎದುರಿಗೆ ನಿಲ್ಲಿಸಿದಳು.

ಶಮೀಮಕ್ಕ ಮೊದಲು ಚೆಂಡು ಹಿಡಿದು ಓಡಿದರು. ಅರ್ಧ ಮೈದಾನದಲ್ಲಿ ಅವರ ಎರಡೂ ರಿಬ್ಬನ್ ಯಾರ‍್ಯಾರದೋ ಕೈಯಲ್ಲಿದ್ದವು. ನನ್ನ ಸರದಿಗೆ ಚೆಂಡನ್ನು ತಾವೇ ಇಸಿದುಕೊಂಡು, ಎದುರಿನವರಿಗೆ ಕಾಣದಂತೆ ಬೆನ್ನು ತಿರುಗಿಸಿ, ದೋಸೆಯ ತಟ್ಟೆಯಂತೆ ನನ್ನ ಮುಂದೆ ಹಿಡಿದರು. "ಇದು ಮೂರನೇ ಸಲ. ಬೇಕಾ?"

'ಬೇಡ' ಎಂಬುದು ನಾಲಿಗೆಯ ತುದಿಗೆ ಬಂದೇ ಬಂತು. ಅದನ್ನು ನುಂಗಿ ಎರಡೂ ಕೈ ಚಾಚಿದೆ. ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು, ಅಭ್ಯಾಸದ ಮುಖ ಹೊತ್ತು ಓಡಿದೆ. ಎದುರಿಗಿದ್ದವರು ನನ್ನನ್ನೊಮ್ಮೆ ನೋಡಿ, ಇವಳ ಕೈಯಲ್ಲಿ ಎಂದಿನಂತೆ ಏನೂ ಇಲ್ಲ ಎಂದುಕೊಂಡು, ಹಿಂದೆ ಖಾಲಿ ಕೈಯಲ್ಲಿ ಕೂಗಾಡುತ್ತ ಬರುತ್ತಿದ್ದ ಶಮೀಮಕ್ಕನ ಮೇಲೆ ಮುಗಿಬಿದ್ದರು. ನನ್ನ ಬೆನ್ನಿಗೆ ಒಬ್ಬರೂ ಬರಲಿಲ್ಲ. ಗೆರೆ ದಾಟಿ ನಿಂತು ನೋಡಿಕೊಂಡೆ: ಎರಡೂ ರಿಬ್ಬನ್ ಸೊಂಟದಲ್ಲೇ ಇದ್ದವು, ಆ ಉದ್ದದ್ದೂ ಸೇರಿ. ದೂರದಲ್ಲಿ ಎಲ್ಲರೂ ಇನ್ನೂ ಶಮೀಮಕ್ಕನ ಸುತ್ತ ಚೆಂಡು ಹುಡುಕುತ್ತಿದ್ದರು. ಕರೆಯುವುದಕ್ಕೆ ಸಂಕೋಚವಾಗಿ, ಅವರಾಗಿಯೇ ತಿರುಗಿ ನೋಡುವವರೆಗೆ ಚೆಂಡನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತುಕೊಂಡೆ.