ಚೆಲುವಿಯ ಬಯಕೆ ಊಟ, ನನ್ನ ಬೆನ್ನು

ಕೆಲವರಿಗೆ ಎದುರಿಗೆ ಬಂದವರ ಚಪ್ಪಲಿ ನೋಡುವ ಚಟ, ಕೆಲವರಿಗೆ ಸೀರೆಯ ಅಂಚು ನೋಡುವ ಚಟ. ನನಗೆ ಬೆನ್ನು ಸವರುವ ಚಟ. ನೋಡಿ ಸುಮ್ಮನಾಗುವಂಥದ್ದಾಗಿದ್ದರೆ ಇಷ್ಟು ಫಜೀತಿ ಇರಲಿಲ್ಲ. ಮೊನ್ನೆ ಕೆ.ಆರ್. ನಗರದ ಬಸ್ಸಿನಲ್ಲಿ ಮುಂದೆ ನಿಂತಿದ್ದ ದಢೂತಿ ಮನುಷ್ಯರೊಬ್ಬರ ಬೆನ್ನ ಮೇಲೆ, ನನಗೇ ಗೊತ್ತಿಲ್ಲದಂತೆ, ಕುತ್ತಿಗೆಯಿಂದ ಸೊಂಟದವರೆಗೆ ಕೈಯಾಡಿಸಿಬಿಟ್ಟೆ. ಅವರು ತಿರುಗಿ, "ಏನ್ ಸ್ವಾಮಿ, ಜೇಬು ಅಲ್ಲಿಲ್ಲ" ಅಂದರು. ಗಾಬರಿಯಲ್ಲಿ ನನ್ನ ಬಾಯಿಂದ ನಿಜವೇ ಬಂತು: "ಮೂಳೆ ಕೈಗೇ ಸಿಕ್ತಿಲ್ಲ ಕಣ್ರೀ. ಕಾಳು ಕಮ್ಮಿ ಮಾಡಿ, ಹುಲ್ಲು ಜಾಸ್ತಿ ತಿನ್ನಿ." ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟೆ. ಅದು ನನ್ನ ಸ್ಟಾಪಾಗಿರಲಿಲ್ಲ.

ಇದಕ್ಕೆಲ್ಲ ಕಾರಣ ಮೊಲ. ಹುಣಸೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ದಿನವಿಡೀ ಒಂದನ್ನು ಹತ್ತು ಮಾಡುವುದೇ ನನ್ನ ಕಸುಬು. ಮೊಲಗಳು ಅದೇ ಕೆಲಸವನ್ನು ಕರೆಂಟಿಲ್ಲದೆ ಮಾಡುತ್ತವೆ ಎಂದು ಯಾರೋ ಹೇಳಿದ್ದೇ ತಡ, ಮಾಂಸಕ್ಕೆಂದು ಸಾಕುವ ಬಿಳಿ ಮೊಲಗಳನ್ನು ತಂದು ಹಿತ್ತಿಲ ಶೆಡ್ಡಿನಲ್ಲಿ ಬಿಟ್ಟೆ. ಆ ಶೆಡ್ಡಿನ ಮೇಲೆ ನನ್ನ ಹೆಂಡತಿ ಶಶಿಗೆ ಮೊದಲಿಂದಲೂ ಕಣ್ಣು. ಅವಳಿಗೆ ಅಲ್ಲಿ ಹಸು ಕಟ್ಟಬೇಕು. "ಯುಗಾದಿಯೊಳಗೆ ನಿಮ್ಮ ಚೆಲುವಿ ಮರಿ ಹಾಕಿದ್ರೆ ಸರಿ, ಇಲ್ದಿದ್ರೆ ಶೆಡ್ಡು ನಂದು" ಎಂದುಬಿಟ್ಟಳು. ಚೆಲುವಿ ಎಂದರೆ ನಮ್ಮ ಹೆಣ್ಣುಮೊಲ. ಆಕೆಗೋ ಸಂಸಾರದಲ್ಲಿ ಆಸಕ್ತಿಯೇ ಇಲ್ಲ. ಗಂಡಿನ ಗೂಡಿಗೆ ಬಿಟ್ಟರೆ ಮೂಲೆ ಹಿಡಿದು ಕೂತು, ಅವನ ಪಾಲಿನ ಕಾಳನ್ನೂ ತಿಂದು, ಆಕಳಿಸಿ ಬರುತ್ತಿದ್ದಳು.

ದನದ ಡಾಕ್ಟರನ್ನು ಕರೆಸಿದೆ. ಅವರು ಚೆಲುವಿಯ ಬೆನ್ನು ಸವರಿ, "ಮೂಳೆ ಚುಚ್ಚಿದರೆ ಬಡಕಲು, ಹುಡುಕಿದರೂ ಸಿಗದಿದ್ದರೆ ಕೊಬ್ಬು. ಮೆಲ್ಲಗೆ ಒತ್ತಿದರೆ ಗಂಟುಗಂಟಾಗಿ ಸಿಗಬೇಕು. ಇವಳದ್ದು ಕೊಬ್ಬು, ಅದಕ್ಕೇ ಗಬ್ಬ ನಿಲ್ತಿಲ್ಲ. ಕಾಳು ಅಳೆದು ಹಾಕಿ, ಮಿಕ್ಕಿದ್ದೆಲ್ಲ ಹುಲ್ಲು" ಅಂದರು. ಅಂದಿನಿಂದ ಲೋಟದಲ್ಲಿ ಅಳೆದು ಹಾಕಿದೆ, ದಿನಾ ಬೆನ್ನು ಸವರಿದೆ. ಸವರಿ ಸವರಿ ನನ್ನ ಕೈ ಕೆಟ್ಟಿತೇ ಹೊರತು ಚೆಲುವಿ ಇಳಿಯಲಿಲ್ಲ. ಇನ್ನೂ ದುಂಡಗಾದಳು.

ಒಂದು ಮಧ್ಯಾಹ್ನ ಊಟಕ್ಕೆ ಬಂದರೆ ಶೆಡ್ಡಿನ ತುಂಬ ಬೀದಿಯ ಹೆಂಗಸರು. ನಡುವೆ ಮಣೆಯ ಮೇಲೆ ಚೆಲುವಿ, ಹಣೆಗೆ ಕುಂಕುಮ. ಮುಡಿಸಿದ್ದ ಸೇವಂತಿಗೆಯನ್ನು ಆಗಲೇ ಅರ್ಧ ತಿಂದು ಮುಗಿಸಿದ್ದಳು. ಮುಂದೆ ಬಾಳೆ ಎಲೆ, ಎಲೆ ಮೇಲೆ ರಾಗಿಮುದ್ದೆ, ಚಿತ್ರಾನ್ನ, ಒಬ್ಬಟ್ಟು. ಪಿರಿಯಾಪಟ್ಟಣದಿಂದ ಬಂದು ನಮ್ಮಲ್ಲೇ ಉಳಿದಿದ್ದ ನಮ್ಮತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದರು.

"ಏನತ್ತೆ ಇದು?"

"ಬಯ್ಕೆ ಊಟ ಅಳಿಯಂದ್ರೇ. ಚೊಚ್ಚಲ ಬಸ್ರಿ, ತವರು ಅಂತ ಯಾರವ್ರೆ ಪಾಪ? ಒಟ್ಟೆ ನೋಡಿ ಎಂಗದೆ!"

"ಅದು ಬಸಿರಲ್ಲ ಅತ್ತೆ, ಬೊಜ್ಜು."

"ಬುಡ್ತು ಅನ್ನಿ! ನೀವು ಅಳ್ದು ಅಳ್ದು ಆಕೋದು ನೋಡಿ ನನ್ನೊಟ್ಟೆ ಉರ್ದೋಯ್ತು. ದಿನಾ ಒಂದು ಮುದ್ದೆ ನಾನೇ ತಿನ್ನುಸ್ತಿವ್ನಿ."

ನನಗೆ ಮೈಯೆಲ್ಲ ಉರಿಯಿತು. ಆದರೆ ಅತ್ತೆಯನ್ನು ಬೈಯುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಅವರ ಕಷ್ಟವೂ ನನಗೆ ಅರ್ಥವಾಯಿತು: ಮಾಡಿದ ಮುದ್ದೆ ಉಳಿದರೆ ಆ ಜೀವಕ್ಕೆ ನಿದ್ದೆ ಹತ್ತುವುದಿಲ್ಲ. ಯಾರಾದರೂ ತಿನ್ನಲೇಬೇಕು. "ಅತ್ತೆ, ಅವಳ ಪಾಲಿನ ಮುದ್ದೆ ಇನ್ಮೇಲೆ ನನಗೇ ಹಾಕಿ" ಎಂದು ತಲೆ ಕೊಟ್ಟೆ. ಶೆಡ್ಡಿಗಾಗಿ ಮಾಡಿದ ತ್ಯಾಗ ಎಂದುಕೊಂಡಿದ್ದೆ; ತುಪ್ಪ ಹಾಕಿಕೊಂಡು ಉಣ್ಣುವಾಗ ಹಾಗೇನೂ ಅನ್ನಿಸಲಿಲ್ಲ.

ಚೆಲುವಿಯ ಮೂಳೆ ಮೆಲ್ಲಗೆ ಕೈಗೆ ಸಿಗತೊಡಗಿತು. ಗಂಡಿನ ಗೂಡಿನಲ್ಲಿ ಆಕಳಿಕೆಯೂ ನಿಂತಿತು. ಯುಗಾದಿಯ ಹಿಂದಿನ ಬೆಳಿಗ್ಗೆ ನೋಡಿದರೆ ತನ್ನದೇ ತುಪ್ಪಳ ಕಿತ್ತು ಹಾಸಿ, ಅದರೊಳಗೆ ಗುಲಾಬಿ ಬಣ್ಣದ ಬೋಳು ಮರಿಗಳನ್ನು ಇಟ್ಟುಕೊಂಡಿದ್ದಾಳೆ! ನಿಜ ಹೇಳುತ್ತೇನೆ, ನನಗೆ ಅಳುವೇ ಬಂತು. ಶೆಡ್ಡು ಉಳಿಯಿತು. ಶಶಿ ಹಸುವಿಗೆಂದು ತಂದಿಟ್ಟಿದ್ದ ಹಗ್ಗ ಸುತ್ತಿ ಅಟ್ಟಕ್ಕೆ ಎಸೆದಳು.

ಮರಿ ನೋಡಲು ಡಾಕ್ಟರು ಬಂದರು. ನಾನು ಬಗ್ಗಿ ತುಪ್ಪಳ ಸರಿಸಿ ತೋರಿಸುತ್ತಿದ್ದೆ. ಅವರಿಗೂ ನನ್ನದೇ ಕಾಯಿಲೆ ಇರಬೇಕು, ಮಾತಾಡುತ್ತಲೇ ನನ್ನ ಬೆನ್ನ ಮೇಲೆ ಕೈಯಾಡಿಸಿ, ಎರಡು ಕಡೆ ಒತ್ತಿ, ಶಶಿಯ ಕಡೆ ತಿರುಗಿ, "ಇದಕ್ಕೆ ಏನಮ್ಮ ಹಾಕ್ತಿದೀರಿ? ಮೂಳೇನೇ ಸಿಕ್ತಿಲ್ವಲ್ಲ" ಅಂದರು.

ಹಸು ತಪ್ಪಿದ ಸಿಟ್ಟನ್ನೆಲ್ಲ ಶಶಿ ಎಲ್ಲಿ ಇಟ್ಟಿದ್ದಳೋ! ಅಂದಿನಿಂದ ಚೆಲುವಿಯ ಅದೇ ಲೋಟದಲ್ಲಿ ನನ್ನ ಅನ್ನ, ಮಿಕ್ಕಿದ್ದೆಲ್ಲ ಸೊಪ್ಪು. ಊಟವಾದ ಮೇಲೆ ಬೆನ್ನು ಸವರಿ ನೋಡುವುದು ಬೇರೆ. ಈ ಮಧ್ಯಾಹ್ನ ಹೊಟ್ಟೆ ಹಸಿದು, ಬೇಜಾರಾಗಿ, ಶೆಡ್ಡಿನಲ್ಲಿ ಗೂಡಿನ ಪಕ್ಕ ಕೂತಿದ್ದೆ. ಅತ್ತೆ ಕಳ್ಳಹೆಜ್ಜೆಯಲ್ಲಿ ಬಂದು ಸೆರಗಿನಡಿಯಿಂದ ಒಂದು ಮುದ್ದೆ ತೆಗೆದರು. "ಬೇಗ ನುಂಗಿ ಅಳಿಯಂದ್ರೇ, ಅವ್ಳು ಬಟ್ಟೆ ಒಣಗಾಕ್ತಾವ್ಳೆ."

ನುಂಗುತ್ತಿದ್ದಂತೆ ಶಶಿಯ ಚಪ್ಪಲಿ ಸದ್ದು ಕೇಳಿಸಿತು. ಚೆಲುವಿ ಬಲೆಯ ಆಚೆಯಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಬೆನ್ನನ್ನು ಗೋಡೆಗೆ ಒತ್ತಿಕೊಂಡು, ಬಾಯಿಗೆ ಒಂದು ಎಳೆ ಹುಲ್ಲು ಇಟ್ಟುಕೊಂಡೆ.