ಚುಕ್ಕೆ ಗುರುತಿನ ಹೆಬ್ಬೆಟ್ಟು

ಸಾವಿರದ ಒಂಬೈನೂರ ತೊಂಬತ್ತಮೂರನೇ ಇಸವಿಯಲ್ಲಿ, ಎಂಟನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮಾರನೇ ದಿನ, ನಾನು ಓದು ನಿಲ್ಲಿಸಿ ಉಳಿ ಸುತ್ತಿಗೆ ಹಿಡಿದೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಮೇಷ್ಟ್ರು ಕೇಳುವ ಪ್ರಶ್ನೆಗಳಿಗಿಂತ ಬಂಡೆ ಒಡೆಯುವುದೇ ವಾಸಿ ಅನ್ನಿಸಿತ್ತು. ಹೀಗೆ ಪ್ರಶ್ನೆಗಳಿಗೆ ಹೆದರಿ ಓಡಿಬಂದವನಿಗೆ ದೇವರು ಎಂಥ ಸೋದರಮಾವನನ್ನು ಕೊಟ್ಟಿದ್ದಾನೆ ಗೊತ್ತೇ? ಈ ದೇಶದ ಹಣಕಾಸು ಮಂತ್ರಿಗಳು ಯಾರಿಗಾದರೂ ಹೆದರಬೇಕು ಅನ್ನುವುದಾದರೆ ಅದು ನಮ್ಮ ಮಾವನಿಗೆ! ಈ ವಿಷಯ ಮಂತ್ರಿಗಳಿಗೆ ಇನ್ನೂ ತಿಳಿದಿಲ್ಲ, ಅಷ್ಟೇ. ಅವರು ನನ್ನ ಹೆಬ್ಬೆಟ್ಟನ್ನು ಪಾರ್ಲಿಮೆಂಟಿಗೆ ಕಳಿಸಿದ ಕಥೆ ಹೇಳುತ್ತೇನೆ, ಕೇಳಿ.

ನಮ್ಮ ಮಾವ ವಿಧಾನಸೌಧದಲ್ಲಿ ದಲಾಯತ್ ಆಗಿದ್ದವರು. ದಲಾಯತ್ ಅಂದರೆ ಫೈಲು ಹೊರುವ ಕೆಲಸ. ಬೆಳಿಗ್ಗೆ ದೊಡ್ಡಬಳ್ಳಾಪುರದಲ್ಲಿ ರೈಲು ಹತ್ತಿ ಹೋಗಿ, ಶಾಸಕರ ಪ್ರಶ್ನೆಗಳಿಗೆ ಇಲಾಖೆಗಳು ಬರೆದ ಉತ್ತರಗಳನ್ನು ಈ ರೂಮಿನಿಂದ ಆ ರೂಮಿಗೆ ಮೂವತ್ತು ವರ್ಷ ಹೊತ್ತರು. ಸುಮ್ಮನೆ ಹೊತ್ತಿದ್ದರೆ ತೊಂದರೆ ಇರಲಿಲ್ಲ. ದಾರಿಯಲ್ಲಿ ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಓದಿಬಿಟ್ಟರು! "ಉತ್ತರ ಹೊತ್ತು ಹೊತ್ತು ಬೆನ್ನು ಬಾಗೋಯ್ತು ಕಣೋ ಅಳಿಯ. ಇನ್ಮೇಲೆ ಪ್ರಶ್ನೆ ನಾನು ಹೊರಿಸ್ತೀನಿ, ಅವರು ಹೊರ್ಲಿ" ಅಂತ ರಿಟೈರಾದ ದಿನ, ಹಾರ ಇನ್ನೂ ಕೊರಳಲ್ಲಿರುವಾಗಲೇ ಘೋಷಿಸಿದರು. ರಾಜ್ಯದವರ ಗುಟ್ಟೆಲ್ಲ ತಮಗೆ ಗೊತ್ತು, ಅದರಲ್ಲಿ ಮಜಾ ಇಲ್ಲ ಅಂತ ನೇರವಾಗಿ ದಿಲ್ಲಿಗೆ ಕೈ ಹಾಕಿದರು. ದಿಲ್ಲಿಯಲ್ಲೂ ಬೇರೆ ಇಲಾಖೆ ಬೇಡ, ಹಣಕಾಸು ಒಂದೇ. "ಬೇರು ಅಲ್ಲಿರೋವಾಗ ಕೊಂಬೆ ಅಲ್ಲಾಡಿಸಿ ಏನೋ ಬಂತು?" ಅನ್ನುತ್ತಾರೆ.

ಅವರ ಪದ್ಧತಿ ಹೀಗೆ. ಅಧಿವೇಶನಕ್ಕೆ ತಿಂಗಳಿರುವಾಗ ಸಾಸಲು ಹೋಬಳಿಯೆಲ್ಲ ಸುತ್ತಿ, ಬ್ಯಾಂಕು, ವಿಮೆ, ತೆರಿಗೆಗಳ ಮೇಲೆ ಜನ ಬೈಯುವುದನ್ನು ಕೇಳಿಕೊಂಡು ಬರುತ್ತಾರೆ. ಬೈಗುಳ ತೆಗೆದುಹಾಕಿ, ಉಳಿದದ್ದನ್ನು ಅ, ಆ, ಇ ಅಂತ ಭಾಗ ಮಾಡಿ ಪ್ರಶ್ನೆ ಬರೆಯುತ್ತಾರೆ. ನಮ್ಮ ಕಡೆಯ ಮಾತಿನಲ್ಲಿ ಬೈಗುಳ ತೆಗೆದರೆ ಏನು ಉಳಿಯುತ್ತದೆ ಅಂತ ನೀವು ಕೇಳಬಹುದು. ನಾನೂ ಕೇಳಿದೆ. "ಎರಡು ಸಾಲು ಉಳೀತದೆ. ಪಾರ್ಲಿಮೆಂಟಿಗೆ ಅಷ್ಟು ಸಾಕು" ಅಂದರು.

ಬರೆದದ್ದನ್ನು ನಮ್ಮ ಸಂಸದರ ಆಫೀಸಿಗೆ ಒಯ್ಯುತ್ತಾರೆ, ಜೊತೆಗೆ ಒಂದು ದೇವನಹಳ್ಳಿ ಚಕ್ಕೋತ. ಸಂಸದರು ಒಪ್ಪಿ ಸಹಿ ಹಾಕಿ ಕಳಿಸಿದರೆ, ದಿಲ್ಲಿಯಲ್ಲಿ ಚೀಟಿ ಎತ್ತಿದ ಹಾಗೆ ಎತ್ತುತ್ತಾರಂತೆ. ಅದೃಷ್ಟ ಇದ್ದರೆ ಪ್ರಶ್ನೆಗೆ ಚುಕ್ಕೆ ಗುರುತು ಸಿಗುತ್ತದೆ. ಆಗ ಮಂತ್ರಿಗಳು ಎದ್ದು ನಿಂತು ಬಾಯಲ್ಲಿ ಉತ್ತರ ಹೇಳಬೇಕು. ಚುಕ್ಕೆ ಸಿಗದಿದ್ದರೆ ಉತ್ತರ ಬರೀ ಕಾಗದದಲ್ಲಿ. ಮೊದಮೊದಲು ಸಂಸದರ ಆಪ್ತ ಸಹಾಯಕರು, "ಯಜಮಾನ್ರೇ, ಚಕ್ಕೋತ ಇಲ್ಲಿಟ್ಟು ಪ್ರಶ್ನೆ ತಗೊಂಡ್ಹೋಗಿ" ಅನ್ನುತ್ತಿದ್ದರಂತೆ. ನಮ್ಮ ಮಾವ ಕಡಿಮೆಯವರೇ? ಪ್ರಶ್ನೆ ಅಲ್ಲಿಟ್ಟು ಚಕ್ಕೋತ ವಾಪಸ್ ತಂದುಬಿಡುತ್ತಿದ್ದರು!

ಮನೆಯಲ್ಲೂ ಇದೇ ಭಾಷೆ. ಊಟಕ್ಕೆ ಕೂತ ಕೂಡಲೇ ಶುರು. "ಅ, ಇಂದಿನ ಬಸ್ಸಾರಿಗೆ ಉಪ್ಪು ಹೆಚ್ಚಾಗಿರುವುದು ಗಮನಕ್ಕೆ ಬಂದಿದೆಯೇ? ಆ, ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?"

ಅಷ್ಟು ವರ್ಷ ಅವರ ಜೊತೆ ಸಂಸಾರ ಮಾಡಿದ ನಮ್ಮತ್ತೆ ಬಿಡುತ್ತಾರೆಯೇ? "ಅ, ಬಂದಿಲ್ಲ. ಆ, ಉದ್ಭವಿಸುವುದಿಲ್ಲ. ಸುಮ್ನೆ ಮುದ್ದೆ ನುಂಗ್ರೀ!"

ನಮ್ಮ ಅಕ್ಕನ ಮಗಳನ್ನು ನೋಡಲು ಅನುಗೊಂಡನಹಳ್ಳಿಯಿಂದ ಗಂಡಿನ ಕಡೆಯವರು ಬಂದಿದ್ದರು. ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ಮಾವ ಕೆಮ್ಮಿದರು. "ವರನ ಹೆಸರಿನಲ್ಲಿ ಸಾಲಗಳಿರುವುದು ನಿಜವೇ, ನಿಜವಾಗಿದ್ದಲ್ಲಿ ಬ್ಯಾಂಕುವಾರು ವಿವರ ನೀಡುವುದು" ಅಂದೇಬಿಟ್ಟರು! ಹುಡುಗನ ಅಪ್ಪ ಕಾಫಿ ಲೋಟ ಕೆಳಗಿಟ್ಟರು. ಅಕ್ಕ ಒಳಗಿಂದ ನನ್ನನ್ನೇ ದುರುಗುಟ್ಟಿ ನೋಡಿದಳು, ನಾನೇ ಹೇಳಿಕೊಟ್ಟು ಕರೆತಂದವನಂತೆ. ಹುಡುಗ ಮಾತ್ರ ತಲೆ ಬಗ್ಗಿಸಿಕೊಂಡು, "ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ ತಾತ" ಅಂದ. ಮಾವ ಎದ್ದು ನಿಂತು, "ಇವನೇ ಕಣ್ರೋ ಹುಡುಗ! ತಾಂಬೂಲ ತನ್ನಿ" ಅಂದರು. ಈಗ ಆ ಜೋಡಿಗೆ ಒಂದು ಮಗು. ಸಾಲದ ಮಾಹಿತಿ ಮಾತ್ರ ಇನ್ನೂ ಸಂಗ್ರಹವಾಗುತ್ತಲೇ ಇದೆ.

ಇಂಥವರ ಕೈಗೆ ನಾನು ಸಿಕ್ಕಿಬಿದ್ದದ್ದು ಒಂದು ಸಂಕ್ರಾಂತಿ ಕಳೆದ ಮೇಲೆ. ನಂದಗುಡಿಯ ಯಜಮಾನರೊಬ್ಬರು ತಮ್ಮ ಟ್ರ್ಯಾಕ್ಟರ್ ಮಾರುತ್ತಿದ್ದರು. ಬೇಲಿಯ ಕಲ್ಲುಕಂಬಗಳನ್ನು ಕಡಿದು ಕಡಿದು ಬೇರೆಯವರ ಟ್ರ್ಯಾಕ್ಟರಿನಲ್ಲಿ ಸಾಗಿಸಿ ಸಾಕಾಗಿದ್ದ ನನಗೆ ಅದು ಬೇಕೇ ಬೇಕಿತ್ತು. "ಯುಗಾದಿವರೆಗೂ ಕಾಯ್ತೀನಪ್ಪ. ಹಬ್ಬ ಕಳೀತು ಅಂದ್ರೆ ಬೇರೆಯವರಿಗೆ ಕೊಟ್ಬಿಡ್ತೀನಿ" ಅಂದಿದ್ದರು. ದುಡ್ಡು ಬ್ಯಾಂಕಿನಲ್ಲಿತ್ತು. ತೆಗೆಯಲು ಹೋದರೆ ಖಾತೆಯೇ ಬಂದ್! ಕೆವೈಸಿ ಹಳೆಯದಾಗಿದೆ, ಹೊಸದಾಗಿ ಹೆಬ್ಬೆಟ್ಟು ಒತ್ತಬೇಕು ಅಂದರು.

ಹೆಬ್ಬೆಟ್ಟು! ನಾನು! ಎಂಟನೇ ಕ್ಲಾಸಿಗೇ ಓದು ಬಿಟ್ಟವನಿರಬಹುದು, ಆದರೆ ಹೆಬ್ಬೆಟ್ಟು ಅನ್ನಿಸಿಕೊಂಡವನಲ್ಲ. ನನ್ನ ಸಹಿ ನೀವು ನೋಡಬೇಕು. ಕೊನೆಯ ಅಕ್ಷರದ ಬಾಲವನ್ನು ಹಿಂದಕ್ಕೆ ಎಳೆದು ಪೂರ್ತಿ ಹೆಸರಿಗೆ ಅಡಿಗೆರೆ ಹಾಕುತ್ತೇನೆ. ಹೆಡ್ ಮಾಸ್ತರರೇ ಒಮ್ಮೆ ಹೊಗಳಿದ್ದರು. ನಮ್ಮೂರಿನಲ್ಲಿ ಇದೇ ಸರ್ಕಾರ ಶಾಲೆ ನಡೆಸಿ, ಮುದುಕ ಮುದುಕಿಯರಿಗೆಲ್ಲ ಹೆಬ್ಬೆಟ್ಟು ಬಿಡಿಸಿ ಸಹಿ ಕಲಿಸಿತು. ಎಲ್ಲರೂ ಕಷ್ಟಪಟ್ಟು ಕಲಿತ ಮೇಲೆ, "ಸಹಿ ಬೇಡ, ಹೆಬ್ಬೆಟ್ಟು ತಾ" ಅಂದರೆ ಹೇಗೆ ಸ್ವಾಮೀ?

ಕೌಂಟರಿನಲ್ಲಿ ಕೂರುವ ನಯಾಜ್ ಭಾಯಿ ದೊಡ್ಡಬಳ್ಳಾಪುರ ಪೇಟೆಯವರು, ಹಳೇ ಪರಿಚಯ. "ಗುಸ್ಸಾ ಮಾಡ್ಕೋಬೇಡಿ ಅಣ್ಣಾ. ಮ್ಯಾನೇಜರ್ ಸಾಹೇಬ್ರೇ ದಿನಾ ಹೆಬ್ಬೆಟ್ಟು ಒತ್ತಿ ಒಳಗ್ ಬರ್ತಾರೆ" ಅಂತ ಸಮಾಧಾನ ಮಾಡಿದರು. ಮರ್ಯಾದೆ ನುಂಗಿಕೊಂಡು ಒತ್ತಿದೆ. ಮಿಷನ್ನು ಕೆಂಪು ದೀಪ ತೋರಿಸಿತು. ಎಡಗೈ ಒತ್ತಿದೆ. ಕೆಂಪು. ಹತ್ತೂ ಬೆರಳು ಒತ್ತಿದೆ. ಹತ್ತೂ ಕೆಂಪು!

ನಯಾಜ್ ಭಾಯಿ ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿದರು. "ಅರೇ, ನಿಮ್ಮ ಬೆರಳಲ್ಲಿ ಗೆರೆನೇ ಇಲ್ವಲ್ಲ ಅಣ್ಣಾ!"

ಮೂವತ್ತು ವರ್ಷ ಕಲ್ಲು ಕಡಿದ ಕೈ. ನಾನು ದಿನಾ ಕೂಲಿ ತೆಗೆದುಕೊಂಡ ಹಾಗೆ ಕಲ್ಲೂ ತನ್ನ ಕೂಲಿ ತೆಗೆದುಕೊಂಡಿತ್ತು.

"ಅಂದ್ರೆ ನಾನು ನಾನಲ್ವಾ ಭಾಯಿ?"

"ನಂಗೊತ್ತು ನೀವೇ ಅಂತ. ನಿಮ್ಮ ಮದುವೇಲಿ ಊಟ ಮಾಡಿದೀನಿ. ಮಿಷನ್ ಬಂದಿರ್ಲಿಲ್ವಲ್ಲ!"

ಊರು ತುಂಬ ವೈದ್ಯರು ಹುಟ್ಟಿಕೊಂಡರು. ಒಬ್ಬ ವ್ಯಾಸಲೀನು ಅಂದ, ಒಬ್ಬ ಕೊಬ್ಬರಿ ಎಣ್ಣೆ ಅಂದ, ಇನ್ನೊಬ್ಬ ನಿಂಬೆಹುಳಿ ಅಂದ. ಎಲ್ಲವನ್ನೂ ಹಚ್ಚಿಕೊಂಡು ಹೋದೆ. ಮಿಷನ್ನು ಜಾರಿ ಕೆಳಗೆ ಬಿತ್ತೇ ಹೊರತು ನನ್ನನ್ನು ಒಪ್ಪಲಿಲ್ಲ. ಕೊನೆಗೆ ಯಾರೋ, ಹದಿನೈದು ದಿನ ಕೈಗೆ ರಜೆ ಕೊಟ್ಟರೆ ಗೆರೆ ಮತ್ತೆ ಚಿಗುರುತ್ತದೆ ಅಂದರು. ಕೈ ಮಡಿಲಲ್ಲಿ ಇಟ್ಟುಕೊಂಡು ಜಗಲಿ ಮೇಲೆ ಕೂತೆ. ಹುಟ್ಟಿದ ಮೇಲೆ ಹಾಗೆ ಕೂತವನೇ ಅಲ್ಲ. ಹೊಸ್ತಿಲು ವಾರೆಯಾಗಿದೆ, ಒಗೆಯೋ ಕಲ್ಲು ಎತ್ತರವಾಯಿತು, ಸಾರಿಗೆ ಬೇಳೆ ಮೊದಲು ಹಾಕಬೇಕಿತ್ತು ಅಂತ ಕೂತಲ್ಲಿಂದಲೇ ಹೇಳುತ್ತಾ ಹೋದೆ. ನಾಲ್ಕನೇ ದಿನ ನನ್ನ ಹೆಂಡತಿ ಸುತ್ತಿಗೆ ತಂದು ಮುಂದಿಟ್ಟು, "ನಿಮ್ಮ ದಮ್ಮಯ್ಯ, ಹೋಗಿ ಕಲ್ಲೇ ಹೊಡೀರಿ. ನನ್ನ ತಲೆ ಹೊಡೀಬೇಡಿ" ಅಂದಳು.

ಆವತ್ತು ಸಂಜೆ ಮಾವ ಬಂದರು.

"ಬಜೆಟ್ ಅಧಿವೇಶನ ಯುಗಾದಿ ಒಳಗೇ ಬರ್ತದೆ. ನಿನ್ನ ಹೆಬ್ಬೆಟ್ಟನ್ನ ಸದನದಲ್ಲಿ ಎತ್ತಿಸ್ತೀನಿ, ನೋಡ್ತಿರು."

"ಮಾವ, ಕೈ ಮುಗೀತೀನಿ! ದೇಶಕ್ಕೆಲ್ಲಾ ನನ್ನ ಮರ್ಯಾದೆ ಯಾಕೆ ಹಂಚ್ತೀರಾ?"

"ನಿನ್ನ ಹೆಸರು ಎಲ್ಲಿ ಬರ್ತದೋ ಪೆದ್ದ! ಹೆಸರು ಸಂಸದರದ್ದು. ಬೆರಳು ಮಾತ್ರ ನಿಂದು."

ಅಲ್ಲೇ ಕೂತು ಬರೆದರು. ಅ, ದುಡಿಮೆಯಿಂದ ಬೆರಳಿನ ಗೆರೆ ಸವೆದ ಕಾರ್ಮಿಕರ ಬ್ಯಾಂಕ್ ಖಾತೆಗಳು ಸ್ಥಗಿತಗೊಂಡಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಆ, ಬಂದಿದ್ದಲ್ಲಿ, ಅಂಥವರು ತಮ್ಮ ಹಣ ಪಡೆಯಲು ಇರುವ ಮಾರ್ಗವೇನು? ಇ, ದುಡಿದದ್ದೇ ತಪ್ಪಾಯಿತೇ? ಆಪ್ತ ಸಹಾಯಕರು ಇ ಭಾಗಕ್ಕೆ ಅಡ್ಡಗೆರೆ ಎಳೆದರಂತೆ. "ಇದು ಪ್ರಶ್ನೆ ಅಲ್ಲ ಯಜಮಾನ್ರೇ, ಜಗಳ." ಮಾವ ಇನ್ನೂ ಎರಡು ಚಕ್ಕೋತ ಇಟ್ಟರೂ ಒಪ್ಪಲಿಲ್ಲವಂತೆ.

ಆಮೇಲೆ ನಡೆದದ್ದು ನನಗೇ ನಂಬಲಾಗಲಿಲ್ಲ. ಚೀಟಿಯಲ್ಲಿ ನಮ್ಮ ಪ್ರಶ್ನೆಗೆ ಚುಕ್ಕೆ ಗುರುತು ಬಂತು! ಪಟ್ಟಿಯಲ್ಲಿ ಹನ್ನೊಂದನೆಯದು. ಆ ಸೋಮವಾರ ಬೆಳಿಗ್ಗೆ ಕಲ್ಲು ಕಡಿಯುವ ಬಯಲಿನಲ್ಲಿ ಉಳಿ ಸದ್ದು ನಿಂತುಹೋಯಿತು. ಸದನದ ನೇರಪ್ರಸಾರ ಹಾಕಿದ ಫೋನನ್ನು ಒಂದು ಕಂಬಕ್ಕೆ ಒರಗಿಸಿ ಎಲ್ಲರೂ ಸುತ್ತ ಕೂತೆವು. ಮಾವ ಟ್ರಂಕಿನಿಂದ ಹಳೆಯ ಬಿಳಿ ಯೂನಿಫಾರ್ಮು ತೆಗೆದು, ಇಸ್ತ್ರಿ ಮಾಡಿಸಿ ಹಾಕಿಕೊಂಡು ಬಂದಿದ್ದರು. ಕೂರಲಿಲ್ಲ. ಸದನ ನಡೆಯುವಾಗ ದಲಾಯತ್ ಕೂರುವುದಿಲ್ಲವಂತೆ!

ಒಂದನೇ ಪ್ರಶ್ನೆ ಆಯಿತು. ಎರಡಾಯಿತು. ಮೂರನೆಯದಕ್ಕೆ ಅದೇನು ಮಾತು ಬಂತೋ, ಎಲ್ಲರೂ ಎದ್ದು ಕೂಗಲು ಶುರು ಮಾಡಿದರು. "ಕೂತ್ಕೊಳ್ರೋ! ನಮ್ಮ ಹುಡುಗನ ಬೆರಳು ಸರದೀಲಿ ನಿಂತದೆ ಕಣ್ರೋ!" ಅಂತ ಮಾವ ಫೋನಿಗೆ ಕೂಗಿದರು. ದಿಲ್ಲಿಗೆ ಕೇಳಿಸಲಿಲ್ಲ. ಸಭೆಯನ್ನೇ ಮುಂದೂಡಿಬಿಟ್ಟರು. ಮಾವ ಯೂನಿಫಾರ್ಮಿನ ಗುಂಡಿ ಒಂದೊಂದಾಗಿ ಬಿಚ್ಚುತ್ತಾ ಬಂಡೆ ಮೇಲೆ ಕೂತುಬಿಟ್ಟರು. ನಮ್ಮ ಕೆಲಸದವನೊಬ್ಬ, "ಹೋಗ್ಲಿ ಬಿಡಿ ಯಜಮಾನ್ರೇ, ನಮ್ಮೂರ ಪಂಚಾಯ್ತಿನೂ ಹಿಂಗೇ" ಅಂದ.

ಆದರೆ ಬಾಯಲ್ಲಿ ಹೇಳಲಾಗದ ಉತ್ತರವನ್ನು ಬರೆದು ಕೊಡಲೇಬೇಕಂತೆ, ಅದು ಅಲ್ಲಿಯ ನಿಯಮ. ಯುಗಾದಿಗೆ ಐದು ದಿನ ಇರುವಾಗ ಮಾವ ಸಂಸದರ ಆಫೀಸಿನಿಂದ ಆ ಕಾಗದ ತಂದು, ನನ್ನನ್ನು ಎಬ್ಬಿಸಿಕೊಂಡು ಬ್ಯಾಂಕಿಗೆ ನಡೆದರು. ಅದರಲ್ಲಿ ಬರೆದದ್ದು ಇಷ್ಟೇ: ಬೆರಳಿನ ಗುರುತು ಸಿಗದವರನ್ನು ಕಣ್ಣು, ಮುಖ ಅಥವಾ ಬೇರೆ ದಾಖಲೆಗಳಿಂದ ಗುರುತಿಸಬೇಕೆಂದು ಬ್ಯಾಂಕುಗಳಿಗೆ ಈಗಾಗಲೇ ಸೂಚನೆ ನೀಡಲಾಗಿದೆ.

ಈಗಾಗಲೇ! ಪಾರ್ಲಿಮೆಂಟು ಅನ್ನುವ ಪದ ಓದಿದ ಕೂಡಲೇ ಮ್ಯಾನೇಜರ್ ಎದ್ದು ನಿಂತು ಮಾವನಿಗೆ ಕುರ್ಚಿ ಹಾಕಿಸಿದರು. ನಯಾಜ್ ಭಾಯಿ ಖಾನೆಯೊಳಗೆಲ್ಲ ಕೈಯಾಡಿಸಿ, ಟಿಫನ್ ಡಬ್ಬಿಯ ಕೆಳಗಿನಿಂದ ಒಂದು ಸುತ್ತೋಲೆ ಎಳೆದರು. ಅದೇ ಸೂಚನೆ, ಸಾರಿನ ಕಲೆಯ ಸಮೇತ! ಎರಡು ಮಾರು ದೂರದ ಖಾನೆ ತೆಗೆಸಲು ನನ್ನ ಹೆಬ್ಬೆಟ್ಟು ದಿಲ್ಲಿಗೆ ಹೋಗಿ ಬರಬೇಕಾಯಿತು.

"ಮಾಫ್ ಮಾಡಿ ಅಣ್ಣಾ. ಹತ್ತು ನಿಮಿಷ. ಕ್ಯಾಮೆರಾ ನೋಡಿ, ನಗಬೇಡಿ" ಅಂದರು ಭಾಯಿ. ಫೋಟೋ ಹಿಡಿದು ಕಂಪ್ಯೂಟರಿಗೆ ಏರಿಸತೊಡಗಿದರು.

ನಾನು ಹೋಗಿ ಮಾವನ ಪಕ್ಕ ಕೂತೆ. ಗೆದ್ದ ಉತ್ಸಾಹದಲ್ಲಿ ಮುಂದಿನ ಅಧಿವೇಶನದ ಭಾಷಣ ಶುರು ಮಾಡುತ್ತಾರೆ ಅಂದುಕೊಂಡಿದ್ದೆ. ಮಾಡಲಿಲ್ಲ. ನನ್ನ ಬಲಗೈ ಎಳೆದು ತಮ್ಮ ಮೊಣಕಾಲಿನ ಮೇಲೆ ಇಟ್ಟುಕೊಂಡರು. ಕನ್ನಡಕ ಹಣೆಗೆ ಏರಿಸಿ, ಹೆಬ್ಬೆರಳಿನ ತುದಿಯನ್ನು ತಮ್ಮ ಬೆರಳಿನಿಂದ ಮೆಲ್ಲಗೆ ಸವರಿ ಸವರಿ ನೋಡಿದರು. ಅದರ ವಿಷಯ ದೇಶಕ್ಕೆಲ್ಲ ಬರೆದವರು, ಅದನ್ನು ಮುಟ್ಟಿ ನೋಡಿದ್ದು ಅದೇ ಮೊದಲು.

"ನೋಯ್ತದೇನೋ?" ಅಂದರು.

ಅಷ್ಟೇ. ಅ ಇಲ್ಲ, ಆ ಇಲ್ಲ.

ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಯಾರಿಗೂ ಹೇಳಿರಲಿಲ್ಲ. "ಚಳಿಗಾಲದಲ್ಲಿ ಒಂಚೂರು ಮಾವ. ಬಿರುಕು ಬಿಡ್ತದೆ" ಅಂದೆ.

ಅವರು ನನ್ನ ಕೈ ಬಿಡಲಿಲ್ಲ. "ಆಯ್ತು ಅಣ್ಣಾ, ಬನ್ನಿ" ಅಂತ ನಯಾಜ್ ಭಾಯಿ ಕರೆದರು. ಎರಡು ಸಲ ಕರೆದರು. ನಾನು ಏಳಲಿಲ್ಲ.

ಈಗ ನನ್ನ ಹತ್ತಿರ ಒಂದು ಟ್ರ್ಯಾಕ್ಟರ್ ಇದೆ. ಎರಡು ಕಂಪ್ರೆಸರ್, ಆರು ಜನ ಕೆಲಸದವರು, ತಾರಸಿ ಮನೆ ಒಂದು, ಹೆಂಡತಿ, ಇಬ್ಬರು ಮಕ್ಕಳು, ಒಬ್ಬರು ಸೋದರಮಾವ.